ಜೋಡಿ ಬ್ರಷ್ಷಿನ ಯಂತ್ರ

ಕಾರ್ಪೆಟ್ ತೊಳೆಯುವುದೆಂದರೆ ನೀರು ಹಾಯಿಸಿ ಹೀರುವುದೆಂದೇ ಬಹಳ ಮಂದಿಯ ಲೆಕ್ಕ. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಅದು ಸುಲಭವಲ್ಲ. ಅಲ್ಲಿ ಹಾಸಿರುವುದು ಕಾರ್ಪೆಟ್ ಟೈಲ್; ಎಷ್ಟೋ ಕಡೆ ಅದರಡಿ ವೈರು ಓಡಾಡುವ ಟೊಳ್ಳು ನೆಲ. ರಾತ್ರಿ ಒದ್ದೆಯಾದದ್ದು ಬೆಳಗಿನ ಪಾಳಿಗೆ ಒಣಗಿರಲೇಬೇಕು. ಇಂಥ ಕಡೆ ನನ್ನ ಓಟು ಜೋಡಿ ಬ್ರಷ್ಷಿನ ಯಂತ್ರಕ್ಕೆ.

ಅದರ ಎರಡು ಉರುಳೆ ಬ್ರಷ್ಷುಗಳು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ. ಹಾಗಾಗಿ ಯಂತ್ರ ಅತ್ತಿತ್ತ ಎಳೆದಾಡುವುದಿಲ್ಲ. ನಿಮಿಷಕ್ಕೆ 175 ಸುತ್ತು ಹಾಕುವ ತಟ್ಟೆ ಬ್ರಷ್ಷಿನ ಯಂತ್ರವಾದರೆ ಹೊಸಬನನ್ನೇ ಸುತ್ತಿಸಿಬಿಡುತ್ತದೆ! ಜೋಡಿ ಬ್ರಷ್ಷುಗಳು ನೂಲನ್ನು ಎರಡೂ ಮಗ್ಗುಲಿನಿಂದ ಬಾಚಿ, ಮೊದಲೇ ಸಿಂಪಡಿಸಿದ ದ್ರಾವಣವನ್ನು ಒಳಕ್ಕಿಳಿಸುತ್ತವೆ. ದ್ರಾವಣದಲ್ಲಿರುವ ಪಾಲಿಮರ್ ಕೊಳೆಯನ್ನು ಸುತ್ತುವರಿದು ಒಣಗಿ, ಗರಿಗರಿ ಹರಳಾಗುತ್ತದೆ. ಆಮೇಲೆ ವ್ಯಾಕ್ಯೂಮ್ ಕ್ಲೀನರ್ ಅದನ್ನು ಎಳೆದುಕೊಳ್ಳುತ್ತದೆ. ಒಣಗಲು ಸಾಮಾನ್ಯವಾಗಿ ಒಂದೆರಡು ಗಂಟೆ ಸಾಕು.

ನನಗೆ ಇಷ್ಟವಾದದ್ದು ಈ ಜೋಡಿ ಬ್ರಷ್ಷಿನ ಯಂತ್ರದ ಕಸದ ತಟ್ಟೆ. ಮೊದಲು ವ್ಯಾಕ್ಯೂಮ್ ಹೊಡೆದು ಚೊಕ್ಕವಾಯಿತು ಎಂದುಕೊಂಡ ಜಾಗದಿಂದಲೇ ಕೂದಲ ಉಂಡೆ, ಸ್ಟೇಪ್ಲರ್ ಪಿನ್ನು, ಬೂದು ಜೂಲು ಬಂದು ಅಲ್ಲಿ ಬೀಳುತ್ತವೆ.

ಕೊಳ್ಳುವಾಗ ಬ್ರಷ್ ಬಿಚ್ಚಿ ನೋಡಿ. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಕಳಚುವಂತಿರಬೇಕು, ಏಕೆಂದರೆ ಅದಕ್ಕೆ ದಾರ ಸುತ್ತಿಕೊಳ್ಳುವುದು ದಿನದ ಗೋಳು. ಗಡುಸು, ಮೆದು ಎರಡೂ ಬಗೆಯ ಬ್ರಷ್ ಯಂತ್ರದ ಜೊತೆಗೇ ಸಿಗುವುದೇ ಕೇಳಿ. ಕ್ಯಾಂಟೀನ್ ಬಾಗಿಲಿನ ಜಿಡ್ಡಿಗೆ ಮಾತ್ರ ಕೊಳೆ ಹೀರುವ ಆರ್ಬಿಟಲ್ ಪ್ಯಾಡ್ ಯಂತ್ರವೇ ಮೇಲು.