ಒಂದೇ ತೊಡೆಯ ಲೆಕ್ಕ

ಪರ್ ಆಂಡರ್ಸನ್ ಮತ್ತು ಬೆಂಗ್ಟ್ ಸಾಲ್ಟಿನ್ 1985ರಲ್ಲಿ ‘ಜರ್ನಲ್ ಆಫ್ ಫಿಸಿಯಾಲಜಿ’ಯಲ್ಲಿ ಪ್ರಕಟಿಸಿದ ಲೇಖನಕ್ಕೆ ಆಧಾರ ಕೇವಲ ಐವರು. ಆದರೂ ದುಡಿಯುವ ಸ್ನಾಯುವಿಗೆ ನುಗ್ಗುವ ರಕ್ತ ಎಷ್ಟೆಂಬ ಹಳೆಯ ಅಂದಾಜನ್ನು ಅದು ಹಲವು ಪಟ್ಟು ಮೇಲಕ್ಕೆತ್ತಿತು. ಅದರ ಹಿರಿಮೆ ಇರುವುದು ಉಪಕರಣದಲ್ಲಲ್ಲ, ವ್ಯಾಯಾಮವನ್ನು ಆರಿಸಿದ ಜಾಣ್ಮೆಯಲ್ಲಿ ಎಂದು ನನ್ನ ಎಣಿಕೆ.

ಸೈಕಲ್ ತುಳಿದರೆ ಕಾಲಿನ ಎಲ್ಲ ಸ್ನಾಯುಗಳೂ ದುಡಿಯುತ್ತವೆ. ಯಾವುದರ ಪಾಲು ಎಷ್ಟೆಂದು ಹೇಳುವುದು ಕಷ್ಟ. ಇಲ್ಲಿ ಕುಳಿತವರು ಒಂದೇ ಕಾಲನ್ನು ಮುಂದಕ್ಕೆ ಚಾಚಿ ಒದೆಯಬೇಕು, ಅಷ್ಟೆ. ಕಾಲಿಗೆ ಜೋಡಿಸಿದ, ತಿರುಗುವ ಚಕ್ರವೇ ಅದನ್ನು ಹಿಂದಕ್ಕೆ ತರುತ್ತದೆ. ತೊಡೆಯ ಮುಂಭಾಗ ದುಡಿಯುತ್ತದೆ, ಹಿಂಭಾಗ ಸುಮ್ಮನಿರುತ್ತದೆ. ಮೊಣಕಾಲಿನ ಕೆಳಗೆ ಗಾಳಿ ತುಂಬಿದ ಪಟ್ಟಿ ಕಟ್ಟಿದ್ದರಿಂದ ಮೀನಖಂಡದ ರಕ್ತವೂ ಬಂದು ಬೆರೆಯದು. ತೊಡೆಯ ಅಭಿಧಮನಿಗೆ ಸೊನ್ನೆ ಡಿಗ್ರಿಯ ಆಸುಪಾಸಿನ ಸಲೈನ್ ಅನ್ನು ಒಂದೇ ಸಮನೆ ಹರಿಸಿದರು. ರಕ್ತ ಹೆಚ್ಚು ಹರಿದಷ್ಟೂ ತಣಿಯುವುದು ಕಡಿಮೆ. ಆ ತಣಿವಿನಿಂದ ಹರಿವಿನ ಲೆಕ್ಕ. ಒಳಹೋಗುವ ಮತ್ತು ಹೊರಬರುವ ರಕ್ತದ ಆಮ್ಲಜನಕದ ವ್ಯತ್ಯಾಸದಿಂದ ಈ ಹರಿವನ್ನು ಗುಣಿಸಿದರೆ ಸ್ನಾಯು ಬಳಸಿದ್ದು ಎಷ್ಟೆಂದು ಸಿಗುತ್ತದೆ. ಅಡಾಲ್ಫ್ ಫಿಕ್ 1870ರಲ್ಲಿ ಹೇಳಿದ ತತ್ತ್ವವೇ ಇದು.

ಗರಿಷ್ಠ ದುಡಿಮೆಯಲ್ಲಿ ಸಿಕ್ಕ ಹರಿವು ನಿಮಿಷಕ್ಕೆ ಸರಾಸರಿ 5.7 ಲೀಟರ್, ಆಮ್ಲಜನಕದ ಬಳಕೆ 0.8 ಲೀಟರ್. ಸ್ನಾಯುವಿನ ತೂಕ 2.3 ಕಿಲೋ ಎಂದು ಹಿಡಿದರೆ ಕಿಲೋಗೆ ಸುಮಾರು 2.5 ಲೀಟರ್ ರಕ್ತ! ಮೈಯಲ್ಲಿರುವ ಸುಮಾರು 30 ಕಿಲೋ ಸ್ನಾಯುವೆಲ್ಲ ಹೀಗೇ ಕೇಳಿದರೆ ಹೃದಯ ನಿಮಿಷಕ್ಕೆ 75 ಲೀಟರ್ ಒತ್ತಬೇಕು. ಆರೋಗ್ಯವಂತ ಯುವಕರ ಹೃದಯಕ್ಕೆ 20–25 ಲೀಟರೇ ಹೆಚ್ಚು. ಅಂದಮೇಲೆ ಇಡೀ ಮೈ ದುಡಿಯುವಾಗ ಆಮ್ಲಜನಕಕ್ಕೆ ಮಿತಿ ಬರುವುದು ಸ್ನಾಯುವಿನ ರಕ್ತನಾಳಗಳಿಂದಲ್ಲ. ಐವರಿಂದ ಇಷ್ಟು ದೊಡ್ಡ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳಿದ ಪ್ರಯೋಗಗಳು ಅಪರೂಪ.

ತಕರಾರು ಇಲ್ಲವೆಂದಲ್ಲ. 2.3 ಕಿಲೋ ಎಂಬುದು ಅಂದಾಜು. ಭಾಜಕವೇ ಅಲುಗಿದರೆ ಉತ್ತರವೂ ಅಲುಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅಭಿಧಮನಿಯಲ್ಲಿ ಸಿಗುವುದು ಇಡೀ ತೊಡೆಯ ಬೆರಕೆ ರಕ್ತ. ಆಗುಂಬೆ, ಚಳ್ಳಕೆರೆಗಳ ಮಳೆ ಕೂಡಿಸಿ ಸರಾಸರಿ ತೆಗೆದ ಹಾಗೆ; ಯಾವ ಎಳೆಗೆ ಸಮೃದ್ಧಿ, ಯಾವುದಕ್ಕೆ ಬರ ಎಂಬುದು ಅಲ್ಲಿ ಕಾಣದು. ಆಮ್ಲಜನಕ–15 ಬೆರೆತ ನೀರನ್ನು ಬಳಸಿ ಫಿನ್‌ಲೆಂಡಿನ ಟುರ್ಕುವಿನಲ್ಲಿ ಆಮೇಲೆ ನಡೆದ ಪೆಟ್ ಸ್ಕ್ಯಾನ್‌ಗಳು ಒಂದೇ ಸ್ನಾಯುವಿನೊಳಗೂ ಹರಿವು ಏರುಪೇರಾಗಿರುವುದನ್ನು ತೋರಿಸಿದವು.

ಈಗ ಕ್ರೀಡಾಪಟುಗಳ ತೊಡೆಗೆ ಅವಕೆಂಪು ಬೆಳಕಿನ ಪುಟ್ಟ ಸಾಧನ ಅಂಟಿಸುವುದು ರೂಢಿಯಾಗಿದೆ. ಅದು ಹೇಳುವುದು ಆಮ್ಲಜನಕದ ಪೂರೈಕೆ ಮತ್ತು ಬಳಕೆಯ ನಡುವಿನ ತಾಳೆಯನ್ನು. ಎರಡೂ ಒಟ್ಟಿಗೆ ಇಮ್ಮಡಿಯಾದರೆ ಅದರ ಅಂಕಿ ಕದಲುವುದೇ ಇಲ್ಲ. ಚರ್ಮದಡಿಯ ಕೊಬ್ಬು ದಪ್ಪಗಿದ್ದರಂತೂ ಸಂಕೇತದ ಬಹುಪಾಲು ಸ್ನಾಯುವನ್ನೇ ಮುಟ್ಟಿರುವುದಿಲ್ಲ. ಆ ಅಂಕಿಯನ್ನು ರಕ್ತದ ಹರಿವೆಂದು ಕರೆದು ತರಬೇತಿ ನಿರ್ಧರಿಸುವವರು ಆಂಡರ್ಸನ್–ಸಾಲ್ಟಿನ್ ಲೇಖನದ ವಿಧಾನದ ಭಾಗವನ್ನಾದರೂ ಓದಬೇಕು: ಯಾವ ರಕ್ತ ಬೆರೆಯಬಾರದೋ ಅದನ್ನು ತಡೆಯಲು ಅವರು ಎಷ್ಟು ಶ್ರಮಪಟ್ಟರು ಎಂಬುದು ಅಲ್ಲಿದೆ.