ವಿಠ್ಠಲನ ಜಂಟಿ ಖಾತೆ

ಆಷಾಢ ಹತ್ತಿರ ಬಂತೆಂದರೆ ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ, ದೇಹೂದಿಂದ ತುಕಾರಾಮರ ಪಾಲಕಿ ಹೊರಟು ಪುಣೆಗೆ ಬಂದು ತಂಗುತ್ತವೆ. ಒಂದು ವರ್ಷ ರಸ್ತೆ ಬದಿಗೆ ನಿಂತು ವಾರಕರಿಗಳನ್ನು ನೋಡುತ್ತಿದ್ದಾಗ ಪಕ್ಕದ ಮನೆಯ ಮರಾಠಿ ಗೆಳೆಯರು, "ಇಂಥ ಭಕ್ತಿ ನಿಮ್ಮ ಕಡೆ ಎಲ್ಲಿದೆ ಹೇಳಿ?" ಅಂದರು. ನನಗೆ ಸಿಟ್ಟು ಬಂತು. "ವಿಠ್ಠಲನೇ ನಮ್ಮವ. ನಿಮ್ಮ ಜ್ಞಾನೇಶ್ವರರೇ ಅವನನ್ನು ಕಾನಡಾ ಅಂತ ಕರೆದಿದ್ದಾರಲ್ಲ!" ಅಂದೆ. ಅವರೂ ಬಿಡಲಿಲ್ಲ. "ಕಾನಡಾ ಅಂದರೆ ಸುಲಭಕ್ಕೆ ತಿಳಿಯದವನು ಅಂತಲೂ ಅರ್ಥವಿದೆ" ಅಂದರು. ಇಬ್ಬರೂ ಮುಖ ತಿರುಗಿಸಿಕೊಂಡು ಮನೆಗೆ ಬಂದೆವು.

ಈ ಜಗಳಕ್ಕೆ ಪುಣೆಯಲ್ಲೇ ಕೂತು ಉತ್ತರ ಬರೆದವರು ರಾ. ಚಿಂ. ಢೇರೆ. 1984ರಲ್ಲಿ ಬಂದ ಅವರ ಮರಾಠಿ ಗ್ರಂಥ 'ಶ್ರೀವಿಠ್ಠಲ: ಏಕ ಮಹಾಸಮನ್ವಯ'ಕ್ಕೆ 1987ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ವಿಠ್ಠಲ ಮೂಲದಲ್ಲಿ ದನ, ಕುರಿ ಕಾಯುವ ಗೌಳಿ-ಧನಗರರ ದೇವರು, ಅವನ ಬೇರು ದಕ್ಷಿಣದ ಕಡೆಗಿದೆ, ವೈಷ್ಣವ ರೂಪ ಆಮೇಲೆ ಬಂದದ್ದು ಎಂಬುದು ಅವರ ವಾದ. 1237ರ ಶಾಸನವೊಂದು ಹೊಯ್ಸಳ ದೊರೆ ಸೋಮೇಶ್ವರ ವಿಠ್ಠಲನಿಗೆ ಹಳ್ಳಿಯೊಂದನ್ನು ದತ್ತಿ ಬಿಟ್ಟದ್ದನ್ನು ಹೇಳುತ್ತದೆ. ತನ್ನ ಜನರ ಅತಿ ಪ್ರೀತಿಯ ದೇವರ ಬೇರನ್ನು ಗಡಿಯಾಚೆ ಹುಡುಕಲು ಧೈರ್ಯ ಬೇಕು. ಆ ಧೈರ್ಯ ಢೇರೆಯವರಿಗಿತ್ತು.

ಆದರೆ ನಮ್ಮವರಲ್ಲಿ ಕೆಲವರು ಈ ಪುಸ್ತಕವನ್ನು ಗೆದ್ದ ಕೇಸಿನ ತೀರ್ಪಿನ ಹಾಗೆ ಎತ್ತಿ ತೋರಿಸುತ್ತಾರೆ. ನಾನೂ ಅಂದು ಮಾಡಿದ್ದು ಅದನ್ನೇ. ಕನ್ನಡದ ಮಾತು ಬಂದ ಪುಟ ಓದಿ, ಕುರುಬರ ಮಾತು ಬಂದ ಪುಟ ಹಾರಿಸಿಬಿಡುವುದು! ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ವಿಠ್ಠಲ ಒಂದು ಜಂಟಿ ಖಾತೆ. ನಾಮದೇವ, ತುಕಾರಾಮರು ಹಾಕಿದ್ದು ಅದರಲ್ಲಿದೆ. ಪುರಂದರ ವಿಠಲ ಎಂಬ ಅಂಕಿತದ ಪದಗಳೂ ಇವೆ. ಗದಗ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು 2011ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರಾಗಿಯೇ ಇದ್ದರು. ಅಭಂಗ, ದಾಸರಪದ ಎರಡನ್ನೂ ಹಾಡಿದರು. ಇಂಥ ಖಾತೆಯಲ್ಲಿ ಯಾರ ಪಾಲು ದೊಡ್ಡದು ಅಂತ ಲೆಕ್ಕ ತೆಗೆಯುವುದು ಹೇಗೆ?

ಹಾಗಂತ ಎಲ್ಲ ಸಂಸ್ಕೃತಿಗಳೂ ಸಮ, ಯಾರೂ ಯಾರನ್ನೂ ಪ್ರಶ್ನಿಸಬಾರದು ಎಂದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಪುಸ್ತಕದ ಹೆಸರಿನ ಬಗ್ಗೆಯೇ ನನ್ನದೊಂದು ತಕರಾರಿದೆ. 'ಮಹಾಸಮನ್ವಯ' ಎಂದಾಗ ಎಲ್ಲರೂ ಒಳಗೆ ಬಂದು ಒಟ್ಟಿಗೆ ಕೂತರು ಎಂಬ ಭಾವ ಬರುತ್ತದೆ. ಎಲ್ಲರೂ ಬರಲಿಲ್ಲ. ಮಹಾರ ಜಾತಿಯ ಸಂತ ಚೋಖಾಮೇಳ ಮಂಗಳವೇಢೆಯಲ್ಲಿ ಗೋಡೆ ಕುಸಿದು ಸತ್ತನೆನ್ನುತ್ತಾರೆ. ಬಸವಣ್ಣ ಕರಣಿಕನಾಗಿದ್ದ ಊರೂ ಅದೇ ಎಂಬ ಪ್ರತೀತಿಯಿದೆ. ಚೋಖಾಮೇಳನ ಸಮಾಧಿ ಇರುವುದು ಪಂಢರಪುರದ ಮಹಾದ್ವಾರದ ಮೆಟ್ಟಿಲ ಬಳಿ, ಗುಡಿಯ ಹೊರಗೆ. ಅವನ ಜನಕ್ಕೆ ಆ ಬಾಗಿಲು ತೆರೆಯಲು 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂರಬೇಕಾಯಿತು. ದನ ಕಾಯುವವರ ದೇವರನ್ನು ನೋಡಲು ಚೋಖಾನ ಜನ ಅಷ್ಟು ಶತಮಾನ ಕಾಯಬೇಕಾಯಿತಲ್ಲ!

ಇದನ್ನು ಹೇಳಿ ನಾನು ಗೆಳೆಯರ ಮುಂದೆ ಮೀಸೆ ತಿರುವುವ ಹಾಗೂ ಇಲ್ಲ. ನಾವು ಉಡುಪಿಯ ಕನಕನ ಕಿಂಡಿಯನ್ನು ಅಭಿಮಾನದಿಂದ ತೋರಿಸುತ್ತೇವೆ. ಬಾಗಿಲು ಮುಚ್ಚಿದ್ದಕ್ಕೇ ಕಿಂಡಿಯ ಕಥೆ ಹುಟ್ಟಿದ್ದು ಎಂಬುದನ್ನು ಮರೆಯುತ್ತೇವೆ.

ಹಾಗಾಗಿ ನನಗೆ ತೋಚುವುದು ಇಷ್ಟೇ. ಒಂದು ಇಡೀ ಸಂಸ್ಕೃತಿಗೆ ಮಾರ್ಕು ಹಾಕಲು ಬರುವುದಿಲ್ಲ. ಅದು ಮಾಡಿದ ಒಂದೊಂದು ಕೆಲಸವನ್ನು ತೂಗಬಹುದು, ತೂಗಲೇಬೇಕು. ಆ ತಕ್ಕಡಿಯನ್ನು ಹೊರಗಿನವರಿಂದ ತರಬೇಕಾಗಿಲ್ಲ. ಬಸವಣ್ಣ, ಚೋಖಾಮೇಳ, ಕನಕ ನಮ್ಮಲ್ಲೇ ಅದನ್ನು ಇಟ್ಟುಹೋಗಿದ್ದಾರೆ. ಬಾಗಿಲಲ್ಲಿ ತಡೆದದ್ದು ಯಾರನ್ನು ಅಂತ ಕೇಳಿದರೆ ಸಾಕು.

ಮರುವರ್ಷ ಪಾಲಕಿ ಬಂದಾಗ ಗೆಳೆಯರಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ನಾವಿಬ್ಬರೂ ಸಾಲಗಾರರೇ ಅಂತಾಯಿತು" ಅಂದರು. ಹೌದು ಅಂದೆ. ಆ ಸಲ ಮುಖ ತಿರುಗಿಸದೆ, ಮಾತಾಡುತ್ತಲೇ ಮನೆಗೆ ಬಂದೆವು.