ಪುಕ್ಕಟೆ ಪರದೆ ಮತ್ತು ತೊಗರಿ ನಾಡಿನ ಮಾತು

ಕರ್ನಾಟಕದಲ್ಲಿ ಟಿ.ವಿ. ಮೊದಲು ಬೆಂಗಳೂರಿಗೆ ಬಂತು, ಅಲ್ಲಿಂದ ನಿಧಾನವಾಗಿ ಹಳ್ಳಿಗಳ ಕಡೆ ಹೊರಳಿತು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹೊಸದೆಲ್ಲವೂ ರಾಜಧಾನಿಯಿಂದಲೇ ಹರಿದು ಬರಬೇಕೆಂಬ ಗ್ರಹಿಕೆಯ ಫಲವಿದು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಶಾಲೆ, ಪಂಚಾಯ್ತಿ ಕಟ್ಟಡಗಳ ಮುಂದೆ ಗುಂಪಾಗಿ ಕುಳಿತು ಟಿ.ವಿ. ನೋಡಿದ್ದರು. ಅದೂ ಪುಕ್ಕಟೆಯಾಗಿ.

ಅದು ಸೈಟ್ ಎಂದು ಕರೆಯಲಾದ ಉಪಗ್ರಹ ಪ್ರಯೋಗ. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಇಸ್ರೋ ಮತ್ತು ಆಕಾಶವಾಣಿ ಸೇರಿ ನಡೆಸಿದ್ದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ಬಂದವು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಛಾವಣಿಯ ಮೇಲೆ ಕೋಳಿ ಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ ದೊಡ್ಡ ಬುಟ್ಟಿಯಾಕಾರದ ಆಂಟೆನಾ. ಕರೆಂಟು ಇಲ್ಲದ ಊರುಗಳಲ್ಲಿ ಬ್ಯಾಟರಿಯ ಸೆಟ್ಟು. ನಮ್ಮ ಭಾಗಕ್ಕೆ ಬೇಕಾದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ಈ ಪ್ರಯೋಗವನ್ನು ನಾವು ಸುವರ್ಣಯುಗವೆಂದು ಹಾಡಿ ಹೊಗಳಬೇಕಿಲ್ಲ. ಅದು ನಡೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಹಳ್ಳಿಗನಿಗೆ ಏನು ಬೇಕೆಂದು ತೀರ್ಮಾನಿಸಿದವರು ಅಧಿಕಾರಿಗಳು ಮತ್ತು ತಜ್ಞರು. ಹಳ್ಳಿಗನದು ಕೇಳಿಸಿಕೊಳ್ಳುವ ಪಾತ್ರ ಮಾತ್ರ. ಆದರೂ ಅದರಲ್ಲಿ ಒಂದು ವಿಚಾರವಿತ್ತು. ಬೇಸಾಯ, ಆರೋಗ್ಯ, ಮಕ್ಕಳ ಓದು ಇವು ಟಿ.ವಿ.ಯ ವಸ್ತುಗಳಾಗಬೇಕು, ಅವನ್ನು ಆ ಸೀಮೆಯ ಭಾಷೆಯಲ್ಲಿ ಹೇಳಬೇಕು ಎಂಬ ವಿಚಾರ. ಬಡವನ ಮನೆಗೆ ಟಿ.ವಿ. ಕೊನೆಗೆ ತಲುಪುತ್ತದೆ ಎಂಬ ನಿಯಮವನ್ನು ಅದು ತಲೆಕೆಳಗು ಮಾಡಿತ್ತು.

ಪ್ರಯೋಗ ಮುಗಿದು ಉಪಗ್ರಹ ನಮ್ಮ ಆಕಾಶದಿಂದ ಸರಿದ ಮೇಲೆ, 1977ರಲ್ಲಿ ಗುಲ್ಬರ್ಗಾದಲ್ಲಿ ಟಿ.ವಿ. ಟ್ರಾನ್ಸ್‌ಮಿಟರ್ ಬಂತು. ಕನ್ನಡ ನಾಡಿನ ಮೊದಲ ಟಿ.ವಿ. ಗೋಪುರ ನಿಂತದ್ದು ಹೀಗೆ ತೊಗರಿಯ ನೆಲದಲ್ಲಿ. ಐದೇ ವರ್ಷದಲ್ಲಿ ಗಾಳಿ ತಿರುಗಿತು. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಎಲ್ಲ ಕೇಂದ್ರಗಳಿಗೂ ಬಂತು. ಏಷ್ಯನ್ ಕ್ರೀಡಾಕೂಟ, ಬಣ್ಣದ ಟಿ.ವಿ., ಆಮೇಲೆ ಧಾರಾವಾಹಿಗಳು. ಸಂಜೆಯ ಒಳ್ಳೆಯ ಹೊತ್ತೆಲ್ಲ ಹಿಂದಿಗೆ ಹೋಯಿತು. ಆ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಇವತ್ತಿಗೂ ದೂರದರ್ಶನದ ಹೆಮ್ಮೆ. ಕನ್ನಡದ ನಿರ್ದೇಶಕ, ಕನ್ನಡದ ಊರು, ಕನ್ನಡದ ಹತ್ತಾರು ನಟರು; ಮಾತು ಮಾತ್ರ ಹಿಂದಿ ಮತ್ತು ಇಂಗ್ಲಿಷಿನದು. ನಾವು ಆ ಧಾರಾವಾಹಿಯನ್ನು ಪ್ರೀತಿಯಿಂದಲೇ ನೋಡಿದೆವು. ಅದನ್ನು ಕನ್ನಡದಲ್ಲಿ ಏಕೆ ತೆಗೆಯಲಿಲ್ಲ ಎಂದು ಅಂದು ಯಾರಿಗೂ ಅನಿಸಲಿಲ್ಲವೆಂಬುದೇ ಯೋಚಿಸಬೇಕಾದ ಸಂಗತಿ.

ಈ ಹಳೆಯ ಕತೆ ಈಗ ನೆನಪಾಗಲು ಕಾರಣ 'ವೇವ್ಸ್'. ಪ್ರಸಾರ ಭಾರತಿಯು 2024ರ ನವೆಂಬರ್ 20ರಂದು ಗೋವಾದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಬಿಡುಗಡೆ ಮಾಡಿದ ಆ್ಯಪ್ ಇದು. ಮೊಬೈಲಿನಲ್ಲಿ ಇಳಿಸಿಕೊಂಡರೆ ಹಳೆಯ ಧಾರಾವಾಹಿಗಳು, ಸಿನಿಮಾಗಳು, ಅರವತ್ತಕ್ಕೂ ಹೆಚ್ಚು ಟಿ.ವಿ. ಚಾನೆಲ್‌ಗಳು, ರೇಡಿಯೋ, ಆಟಗಳು, ಕೊನೆಗೆ ಅಂಗಡಿ ಕೂಡ ಸಿಗುತ್ತವೆ. ಕೆಲವಕ್ಕೆ ಚಂದಾ ಇದೆ, ಬಹುಪಾಲು ಪುಕ್ಕಟೆ. ಹನ್ನೆರಡು ಭಾಷೆಗಳೆಂದು ಹೇಳಿಕೊಂಡಿದ್ದಾರೆ, ಕನ್ನಡವೂ ಅದರಲ್ಲಿದೆ. ಖಾಸಗಿ ಒಟಿಟಿ ಕಂಪನಿಗಳು ತಿಂಗಳಿಗಿಷ್ಟು ಎಂದು ವಸೂಲು ಮಾಡುವ ಕಾಲದಲ್ಲಿ ಸಾರ್ವಜನಿಕ ಸಂಸ್ಥೆಯೊಂದು ತನ್ನ ಭಂಡಾರವನ್ನು ತೆರೆದಿಟ್ಟದ್ದು ಸ್ವಾಗತಾರ್ಹ. ಇದನ್ನು ಹೇಳದೆ ಬರಿ ಕೊಂಕು ನುಡಿಯುವುದು ಸರಿಯಲ್ಲ.

ನಾವು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಅಡ್ಡಾಡುವಾಗ ಕಂಡಕಂಡವರಿಗೆ ಈ ಆ್ಯಪ್ ತೋರಿಸಿದೆವು. ಆಳಂದದ ಬಸ್‌ಸ್ಟ್ಯಾಂಡ್ ಬಳಿ ಚಹಾ ಕುಡಿಯುತ್ತಿದ್ದ ಹುಡುಗರಿಗೆ ಅದರ ಹೆಸರೇ ಗೊತ್ತಿರಲಿಲ್ಲ. ಅವರ ಮೊಬೈಲಿನಲ್ಲಿ ಇದ್ದದ್ದು ಯೂಟ್ಯೂಬು, ಇನ್‌ಸ್ಟಾಗ್ರಾಮು. ಅಫಜಲಪುರದ ಕಡೆ ಭೀಮಾ ದಂಡೆಯ ಹಳ್ಳಿಯಲ್ಲಿ ಚಿತ್ರ ಓಡುವುದಕ್ಕಿಂತ ತಿರುಗುವ ಚಕ್ರವೇ ಹೆಚ್ಚು ಹೊತ್ತು ಕಂಡಿತು. ಪುಕ್ಕಟೆ ಎಂಬ ಮಾತಿನ ಮಿತಿ ಅಲ್ಲಿಯೇ ತಿಳಿಯಿತು. ಸೈಟ್ ಕಾಲದಲ್ಲಿ ಸೆಟ್ಟು, ಆಂಟೆನಾ, ರಿಪೇರಿ ಎಲ್ಲವೂ ಸರಕಾರದ ಖರ್ಚು. ಈಗ ಮೊಬೈಲು ನೋಡುವವನದು, ಡೇಟಾ ನೋಡುವವನದು. ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಗಂಡಸಿನ ಅಂಗಿಯ ಕಿಸೆಯಲ್ಲಿರುತ್ತದೆ. ಹೆಂಗಸರ ಪಾಲಿಗೆ ಮನೆಯ ಟಿ.ವಿ.ಯೇ ಗತಿ.

ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಇಲ್ಲಿ ನೆನಪಾಗುತ್ತದೆ. ವೈದೇಹಿಯವರ ಕತೆಯನ್ನು ಆಧರಿಸಿದ ಆ ಸಿನಿಮಾದಲ್ಲಿ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ ಋಣಕ್ಕೆ ಡಿಶ್ ಸಮೇತ ಟಿ.ವಿ. ಸಿಗುತ್ತದೆ. ಒಂಟಿ ಮುಸ್ಲಿಂ ಹೆಂಗಸಿನ ಮನೆಗೆ ಕೇರಿಯ ಬೆಸ್ತ ಹೆಂಗಸರು ಕದ್ದುಮುಚ್ಚಿ ಬಂದು ಕೂಡುತ್ತಾರೆ. ಉಮಾಶ್ರೀ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಪುಕ್ಕಟೆ ಪರದೆಯೊಂದು ಬೇರೆಬೇರೆ ಮನೆಯವರನ್ನು ಒಂದೇ ಚಾಪೆಯ ಮೇಲೆ ಕೂಡಿಸಬಲ್ಲದು. ಅದೇ ಪರದೆ ಕಾರ್ಗಿಲ್ ಯುದ್ಧದ ಸುದ್ದಿ ತಂದು ಅದೇ ಜನರ ನಡುವೆ ಅನುಮಾನವನ್ನೂ ಬಿತ್ತಬಲ್ಲದು. ಮೊಬೈಲಿನಲ್ಲಿ ಮೊದಲನೆಯದು ಇಲ್ಲ. ಎರಡನೆಯದು ಬೇಕಾದಷ್ಟಿದೆ.

ಜೇವರ್ಗಿಯ ಕಡೆ ಹಲವು ಮನೆಗಳ ಮೇಲೆ ಡಿಡಿ ಫ್ರೀ ಡಿಶ್‌ನ ಛತ್ರಿ ಕಾಣುತ್ತದೆ. ಪ್ರಸಾರ ಭಾರತಿಯದೇ ಆದ ಈ ಸೇವೆ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾಯಿತು. ಒಮ್ಮೆ ಡಬ್ಬಿ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ದೇಶದಲ್ಲಿ ನಾಲ್ಕು ಕೋಟಿಗೂ ಮಿಕ್ಕಿದ ಮನೆಗಳಲ್ಲಿದೆ ಎಂಬ ಅಂದಾಜಿದೆ. ನಮ್ಮ ಮಟ್ಟಿಗೆ ವೇವ್ಸ್‌ಗಿಂತ ಇದೇ ನಿಜವಾದ ಪುಕ್ಕಟೆ ಟಿ.ವಿ. ಆದರೆ ಅದರ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಮಾರಾಟವಾಗುತ್ತದೆ. ಹೆಚ್ಚು ಹಣ ಕೂಗುವವರು ಹಿಂದಿ ಸಿನಿಮಾ, ಹಿಂದಿ ಸುದ್ದಿ, ಭೋಜಪುರಿ ಹಾಡಿನವರು. ಕನ್ನಡಕ್ಕೆ ಮುಖ್ಯವಾಗಿ ಚಂದನವೇ ಆಸರೆ. 2002ರಿಂದ ಬರುತ್ತಿರುವ 'ಥಟ್ ಅಂತ ಹೇಳಿ'ಯನ್ನು ಈ ಹಳ್ಳಿಗಳಲ್ಲೂ ಮೆಚ್ಚಿ ನೋಡುವವರಿದ್ದಾರೆ. ಅದರ ಕನ್ನಡ ಮಾತ್ರ ಅವರು ಮನೆಯಲ್ಲಿ ಆಡುವ ಕನ್ನಡವಲ್ಲ.

ನಾವು ಎತ್ತಬೇಕಾದ ಮುಖ್ಯ ಪ್ರಶ್ನೆ ಇಲ್ಲಿದೆ. 1975ರಲ್ಲಿ ಸಂಜೆಯ ಎರಡೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡಗಳು ಹಂಚಿಕೊಳ್ಳಬೇಕಿತ್ತು. ಉಪಗ್ರಹ ಒಂದೇ, ಹೊತ್ತು ಕಡಿಮೆ. 'ನಿಮಗೆಲ್ಲ ಬೇರೆಬೇರೆ ಕಾರ್ಯಕ್ರಮ ಕೊಡಲು ಸಮಯವೆಲ್ಲಿದೆ' ಎಂದು ಅಧಿಕಾರಿಗಳು ಹೇಳಿದ್ದರೆ ಒಪ್ಪಬಹುದಿತ್ತು. ಆಮೇಲೆ ಬಂದ ಚಂದನಕ್ಕೂ ದಿನಕ್ಕಿರುವುದು 24 ಗಂಟೆ. 31 ಜಿಲ್ಲೆಗಳಿಗೆ ಅದರಲ್ಲಿ ಎಷ್ಟು ಪಾಲು ಬಂದೀತು? ಆ್ಯಪ್‌ಗೆ ಈ ಇಕ್ಕಟ್ಟಿಲ್ಲ. ಅಲ್ಲಿ ರಾಮಾಯಣ, ಮಹಾಭಾರತ, ಶಕ್ತಿಮಾನ್ ಇರುವ ಪಕ್ಕದಲ್ಲೇ ಕಲಬುರಗಿಗೆಂದು ಒಂದು ಕಪಾಟು ತೆರೆದರೆ ಯಾರ ಹೊತ್ತೂ ಕಡಿಮೆಯಾಗುವುದಿಲ್ಲ. ಜಾಗವಿಲ್ಲ ಎಂಬ ನೆಪ ಹೋಗಿದೆ. ಇನ್ನು ನಮ್ಮ ಸೀಮೆ ಅಲ್ಲಿ ಕಾಣದಿದ್ದರೆ ಅದು ತಂತ್ರಜ್ಞಾನದ ಕೊರತೆಯಲ್ಲ, ಆಯ್ಕೆ.

ಆ ಕಪಾಟಿನಲ್ಲಿ ಇಡಲು ಏನಿದೆ ಎಂದು ಕೇಳುವವರಿಗೆ ಈ ಮೂರು ತಾಲೂಕುಗಳೇ ಸಾಕು. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರು ಇಂದಿಗೂ ಇದ್ದಾರೆ. ಆ ಪರಂಪರೆಯಲ್ಲಿಯೇ ಮಡಿವಾಳಪ್ಪನವರ ಶಿಷ್ಯ ಚೆನ್ನೂರ ಜಲಾಲ ಸಾಹೇಬರು ಬರುತ್ತಾರೆ. ಮೊಹರಂ ಬಂದರೆ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಕರ್ಬಲಾದ ಕತೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಲಿಂಗಾಯತ, ಕುರುಬ, ದಲಿತ ಮನೆಗಳ ಹುಡುಗರೂ ಇರುತ್ತಾರೆ. ಆಳಂದದ ಲಾಡ್ಲೆ ಮಶಾಕರ ದರ್ಗಾ, ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ದತ್ತ ಕ್ಷೇತ್ರ ಎರಡಕ್ಕೂ ಮಹಾರಾಷ್ಟ್ರದಿಂದ ಜನ ಬರುತ್ತಾರೆ. ಅವರೊಂದಿಗೆ ಮರಾಠಿ, ದಖನಿ ಉರ್ದು, ತಾಂಡಾಗಳ ಲಂಬಾಣಿ ಮಾತು ಎಲ್ಲ ಕನ್ನಡದೊಡನೆ ಬೆರೆಯುತ್ತವೆ. ವೇವ್ಸ್‌ನ ಬಿಡುಗಡೆಯ ಹೊತ್ತಿನಲ್ಲಿ ಅಯೋಧ್ಯೆಯ ದರ್ಶನದ ನೇರ ಪ್ರಸಾರವನ್ನು ವಿಶೇಷವಾಗಿ ಹೇಳಿಕೊಂಡರು. ಭಕ್ತರಿಗೆ ಅದು ಬೇಕು, ಇರಲಿ. ಗಾಣಗಾಪುರದ ಜಾತ್ರೆಗೂ ಆಳಂದದ ಉರುಸಿಗೂ ಅದೇ ಕ್ಯಾಮರಾ ಬರಬಾರದೇಕೆ?

ಇದು ದಾನ ಕೇಳುವ ಮಾತಲ್ಲ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. 1990ರ ಪ್ರಸಾರ ಭಾರತಿ ಕಾಯ್ದೆ ಬೇರೆಬೇರೆ ಪ್ರದೇಶಗಳ ಸಂಸ್ಕೃತಿ ಮತ್ತು ಭಾಷೆಗಳಿಗೆ ತಕ್ಕ ಸ್ಥಾನ ಕೊಡುವುದನ್ನು, ಬೇಸಾಯ ಮತ್ತು ಗ್ರಾಮೀಣ ಬದುಕಿನ ಕಡೆ ವಿಶೇಷ ಗಮನ ಹರಿಸುವುದನ್ನು ಸಂಸ್ಥೆಯ ಉದ್ದೇಶಗಳಲ್ಲಿ ಸೇರಿಸಿದೆ. ಬ್ರಿಟನ್ನಿನ ಬಿ.ಬಿ.ಸಿ.ಯನ್ನು ನೋಡಬಹುದು. ಸ್ಕಾಟ್ಲೆಂಡಿನಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನ ಆಡುವ ಗೇಲಿಕ್ ಭಾಷೆಗೆ 2008ರಿಂದ ಬಿ.ಬಿ.ಸಿ. ಆಲ್ಬಾ ಎಂಬ ಪ್ರತ್ಯೇಕ ಚಾನೆಲ್ ಇದೆ. ಅದರ ಕಾರ್ಯಕ್ರಮಗಳು ಐಪ್ಲೇಯರ್‌ನಲ್ಲೂ ಸಿಗುತ್ತವೆ. 2011ರ ಜನಗಣತಿಯಂತೆ ಕಲಬುರಗಿ ಜಿಲ್ಲೆಯೊಂದರಲ್ಲೇ 25 ಲಕ್ಷಕ್ಕೂ ಮಿಕ್ಕಿದ ಜನರಿದ್ದಾರೆ. ಅಷ್ಟು ದೂರ ಹೋಗುವುದು ಬೇಡವೆಂದರೆ ಗುಜರಾತಿನ ಖೇಡಾ ಇದೆ. ಸೈಟ್ ಕಾಲದಲ್ಲೇ ಶುರುವಾಗಿ ಹತ್ತು ವರ್ಷ ನಡೆದ ಆ ಯೋಜನೆಯಲ್ಲಿ ಹಳ್ಳಿಗರೇ ತಮ್ಮ ಕಷ್ಟಸುಖಗಳನ್ನು ಟಿ.ವಿ.ಯಲ್ಲಿ ಆಡಿ ತೋರಿಸಿದರು. 1984ರಲ್ಲಿ ಅದಕ್ಕೆ ಯುನೆಸ್ಕೋ ಪ್ರಶಸ್ತಿ ಬಂತು. ಮರುವರ್ಷ ಅಲ್ಲಿನ ಪೀಜ್ ಟ್ರಾನ್ಸ್‌ಮಿಟರನ್ನು ಮುಚ್ಚಿದರು.

ನಮ್ಮಲ್ಲಿಯೂ ಅದೇ ದಾರಿ. ಹಳೆಯ ತಂತ್ರಜ್ಞಾನದ ಟ್ರಾನ್ಸ್‌ಮಿಟರುಗಳನ್ನು ದೇಶದಾದ್ಯಂತ ನಿಲ್ಲಿಸುವಾಗ, 2021ರಲ್ಲಿ, ಕಲಬುರಗಿಯ ಸರದಿಯೂ ಬಂತು. ಕೇಂದ್ರವನ್ನೇ ಮುಚ್ಚುತ್ತಾರೆಂದು ಜನ ಆತಂಕಪಟ್ಟರು. ಕೇಂದ್ರ ಮುಚ್ಚುವುದಿಲ್ಲ, ಅಲ್ಲಿ ಕಾರ್ಯಕ್ರಮಗಳು ತಯಾರಾಗುತ್ತವೆ, ಚಂದನದಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು. ಆ ಮಾತನ್ನು ಹಿಡಿದು ಕೇಳುವ ಕಾಲವಿದು. ಕಲಬುರಗಿಯಲ್ಲಿ ಸಾರ್ವಜನಿಕ ಹಣದಿಂದ ಚಿತ್ರಿಸಿದ್ದನ್ನೆಲ್ಲ ವೇವ್ಸ್‌ನಲ್ಲಿ ಜಿಲ್ಲೆಯ ಹೆಸರಿನಡಿ ಇಡಲಿ. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯಡಿ ಬರುವ ಹಣದಲ್ಲಿ ರಸ್ತೆ, ಕಟ್ಟಡಗಳು ಏಳುತ್ತಿವೆ. ಅದರಲ್ಲೊಂದು ಸಣ್ಣ ಪಾಲು ಇಲ್ಲಿನ ಹುಡುಗ ಹುಡುಗಿಯರ ಕೈಗೆ ಕ್ಯಾಮರಾ ಕೊಡಲು ಹೋಗಲಿ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಕಲಿತ ಮಕ್ಕಳಿಗೆ ಕೊರತೆಯಿಲ್ಲ.

ನಮ್ಮವರೂ ಸ್ವಲ್ಪ ಬದಲಾಗಬೇಕು. ಕಲಬುರಗಿ ಮಾತೆಂದರೆ ಧಾರಾವಾಹಿಗಳಲ್ಲಿ ಅಡುಗೆಯವನದೋ ಹಾಸ್ಯಗಾರನದೋ ಮಾತೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಮೈಕ್ ಹಿಡಿದೊಡನೆ ನಮ್ಮ ವಿದ್ಯಾವಂತರ ನಾಲಿಗೆ ಬೆಂಗಳೂರಿನ ಕಡೆ ಓಡುತ್ತದೆ.

ಜೇವರ್ಗಿಯ ಹತ್ತಿರದ ಊರೊಂದರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರಿಗೆ ಈ ಆ್ಯಪ್‌ನ ಬಗ್ಗೆ ಬಹಳ ಹೊತ್ತು ವಿವರಿಸಿದೆವು. 2022ರಲ್ಲಿ ನೆಟೆ ರೋಗ ಬಿದ್ದು ಅವರ ತೊಗರಿ ಹೊಲ ನಿಂತಲ್ಲೇ ಒಣಗಿತ್ತು. ಎಲ್ಲ ಕೇಳಿಸಿಕೊಂಡು ಅವರು, 'ನಮ್ ತೊಗರಿ ಸುದ್ದಿ ಇದರಾಗ ಬರ್ತದೇನ್ರಿ?' ಎಂದರು. ನಾವು ಹುಡುಕುತ್ತಿದ್ದಂತೆ ಅವರ ಮೊಮ್ಮಗ ತನ್ನ ಮೊಬೈಲಿನಲ್ಲಿ ಯಾರೋ ಹೊಲದಲ್ಲಿ ನಿಂತು ತೆಗೆದ ಯೂಟ್ಯೂಬ್ ವಿಡಿಯೊ ಹಚ್ಚಿದ. ಚಿತ್ರ ಅಲುಗಾಡುತ್ತಿತ್ತು, ಗಾಳಿಯ ಸದ್ದಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ನೆಟೆ ತಡೆಯಲು ಯಾವ ಬೀಜ ಬಿತ್ತಬೇಕೆಂದು ಆ ರೈತ ಅದೇ ಸೀಮೆಯ ಮಾತಿನಲ್ಲಿ ಹೇಳುತ್ತಿದ್ದ. ಹಿರಿಯರು ಮೊಬೈಲನ್ನು ಕಿವಿಯ ಹತ್ತಿರ ಹಿಡಿದರು.